ರೇಡಿಯೋ ಉಂಗುರಕ್ಕೆ ಸುಣ್ಣದ ಬೊಟ್ಟು

ತಿಕೋಟಾದ ಸಾಹುಕಾರ ಶಿವಶರಣಪ್ಪನವರ ಅಂಬಾಸಿಡರ್ ಕಾರಿಗೆ ರೇಡಿಯೋ ಬಂದಾಗ ಊರಿಗೆ ಊರೇ ಹಿಗ್ಗಿತು. ಕಾರಿನ ಡ್ರೈವರ್ ದಾವಲಸಾಬನೊಬ್ಬನ ಎದೆ ಮಾತ್ರ ಧಸಕ್ಕೆಂದಿತು. ಅರವತ್ನಾಲ್ಕನೇ ಇಸವಿ ಅದು. ಓಡುವ ಗಾಡಿಯಲ್ಲಿ ಕೂತು ಧಾರವಾಡದ ಹಾಡು ಕೇಳುವುದೆಂದರೆ ಯಾರಿಗೆ ಬೇಡ ಹೇಳಿ? ಹೊಟ್ಟೆ ತುಂಬಿದವರ ಖಯಾಲಿ ಅಂತ ಬೇಕಾದರೆ ಅನ್ನಿ, ಆದರೂ ಸುಖ ಸುಖವೇ. ಆ ಸುಖ ದಾವಲಸಾಬನ ಕುತ್ತಿಗೆಗೆ ಬಂತು.

ಯಾಕೆಂದರೆ ಅವನ ಕಿವಿ ಹೋಗುತ್ತಿತ್ತು. ಎಳೇ ವಯಸ್ಸಿನಲ್ಲಿ ಎಂಟು ವರ್ಷ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಗದ್ದಲದಲ್ಲಿ ದುಡಿದ, ಆಮೇಲೆ ಹದಿನೆಂಟು ವರ್ಷ ಲಾರಿ ಹೊಡೆದ. ಐವತ್ತರ ಹತ್ತಿರ ಬರುವಷ್ಟರಲ್ಲಿ ಕಿವಿಯೊಳಗೆ ಹಗಲು ರಾತ್ರಿ ಜೀರುಂಡೆ ಕೂಗಿದಂತಾಗುತ್ತಿತ್ತು. ಇಂಜಿನ್ನಿನಂಥ ದಪ್ಪ ದನಿ ಕೇಳುತ್ತಿತ್ತು. ಹೆಂಗಸರ ಮಾತು, ಸೀಟಿ, ಸೈಕಲ್ ಗಂಟೆ, ಇಂಥ ಸಣ್ಣ ದನಿಗಳೆಲ್ಲ ಯಾವಾಗ ಕೈಬಿಟ್ಟು ಹೋದವೋ ಅವನಿಗೇ ತಿಳಿಯಲಿಲ್ಲ. ಕಿವುಡ ಡ್ರೈವರನ ಕೈಗೆ ಗಾಡಿ ಕೊಡುವ ಮೂರ್ಖ ಯಾರಿದ್ದಾನೆ? ಮಗಳು ಮುಮತಾಜಳ ಮದುವೆ ಬೇರೆ ಗೊತ್ತಾಗಿತ್ತು. ಅದಕ್ಕೆ ದಾವಲಸಾಬ ಒಂದು ಉಪಾಯ ಕಂಡುಕೊಂಡಿದ್ದ. ಹಿಂದಿನ ಸೀಟಿನಲ್ಲಿ ಕೂತ ಸಾಹುಕಾರರ ತುಟಿಯನ್ನು ಕನ್ನಡಿಯಲ್ಲಿ ನೋಡಿ ಅರ್ಥ ಮಾಡಿಕೊಳ್ಳುವುದು, ತಿಳಿಯದಿದ್ದರೆ “ಹ್ಞೂಂ ರಿ” ಅಂದುಬಿಡುವುದು. ಆರು ವರ್ಷ ಈ ಹ್ಞೂಂಕಾರದ ಮೇಲೇ ಸಂಸಾರ ನಡೆದಿತ್ತು.

ರೇಡಿಯೋ ಬಂದದ್ದೇ ಸಾಹುಕಾರರು ಮುಂದಿನ ಸೀಟಿಗೆ ಬಂದು ಕೂತರು. ಇನ್ನು ಕನ್ನಡಿ ಏನು ಮಾಡೀತು?

ಸೊಲ್ಲಾಪುರದಿಂದ ಬಂದು ರೇಡಿಯೋ ಕೂಡಿಸಿದ ಫಕ್ರುದ್ದೀನ ಮಿಸ್ತ್ರಿ ಎಲ್ಲವನ್ನೂ ಕಲಿಸಿಕೊಟ್ಟು ಹೋಗಿದ್ದ. ಹೊರಗಿನ ಏರಿಯಲ್ ಕಡ್ಡಿಯನ್ನು ಪೂರ್ತಿ ಎಳೆಯಬೇಕು. ದೂರದ ಸ್ಟೇಶನ್ ಹಿಡಿದು, ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುವುತ್ತ ದನಿ ಎಲ್ಲಿ ಏರುತ್ತದೋ ಅಲ್ಲಿ ಬಿಡಬೇಕು. ಕೊನೆಗೆ ಎಡಗಡೆಯ ಗುಂಡಿಯ ಬುಡದಲ್ಲಿ ಬಳೆಯಂಥ ಒಂದು ಉಂಗುರ. ಒಂದು ಕಡೆ ತಿರುವಿದರೆ ದನಿ ದಪ್ಪ, ಇನ್ನೊಂದು ಕಡೆ ತಿರುವಿದರೆ ತೆಳು. ದಾವಲಸಾಬ ಒಬ್ಬನೇ ಇದ್ದಾಗ ಆ ಉಂಗುರವನ್ನು ತೆಳುವಿನ ಕೊನೆಯ ತನಕ ತಿರುವಿ ನೋಡಿದ. ಅಬ್ಬಾ! ಗೋಡೆಯಾಚೆ ಗೊಣಗುತ್ತಿದ್ದ ಮನುಷ್ಯ ಎದುರಿಗೆ ಬಂದು ಕೂತು ಮಾತಾಡಿದಂತಾಯಿತು. ಒಂದೊಂದು ಅಕ್ಷರ ಬಿಡಿಬಿಡಿ. ಖುಷಿಯಲ್ಲಿ ಹಾಗೇ ಬಿಟ್ಟು ಮರೆತ.

ಮರುದಿನ ಸಾಹುಕಾರರು ರೇಡಿಯೋ ಹಚ್ಚಿದವರೇ ಕಿವಿ ಮುಚ್ಚಿಕೊಂಡರು.

“ಲೇ ದಾವಲಾ, ಏನೋ ಇದು? ತಗಡ ಕೆರದಂಗ ಕೇಳಾಕತ್ತೈತಿ! ಯಾರ ತಿರುವ್ಯಾರ ಇದನ್ನ?”

“ಸೊಲ್ಲಾಪುರದಾವ ಹಂಗ ಬಿಟ್ಟಿರಬೇಕ್ರಿ, ಸಾಹುಕಾರ್ರ.”

ಅವರು ತಾವೇ ತಿರುವಿ ದನಿಯನ್ನು ದುಂಡಗೆ ಮಾಡಿದರು. “ಈಗ ನೋಡು, ಬೆಣ್ಣಿ ಇದ್ದಂಗ ಆತು.”

ದಾವಲಸಾಬನಿಗೆ ಅದು ಕಂಬಳಿ ಮುಸುಕು ಹಾಕಿಕೊಂಡು ಮಾತಾಡಿದಂತಿತ್ತು. “ಹ್ಞೂಂ ರಿ, ಭಾಳ ಚಲೋ ಆತ್ರಿ,” ಅಂದ. ಅಂದೇ ಸಂಜೆ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದು, ಸಾಹುಕಾರರು ಬಿಟ್ಟ ಜಾಗಕ್ಕೆ ಉಂಗುರದ ಮೇಲೊಂದು, ಪಕ್ಕದ ತಗಡಿನ ಮೇಲೊಂದು ಸಣ್ಣ ಬೊಟ್ಟು ಇಟ್ಟ. ಒಬ್ಬನೇ ಇದ್ದಾಗ ತನ್ನ ಕಡೆ, ಅವರು ಬರುವ ಮುಂಚೆ ಬೊಟ್ಟಿಗೆ ಬೊಟ್ಟು. ಮರೆತೆನೋ ಏನೋ ಅಂತ ಊಟದ ನಡುವೆ ಎದ್ದು ಬಂದು ನೋಡುತ್ತಿದ್ದ. ಇದೂ ಒಂದು ಬಾಳೇ?

ಹೆಂಡತಿ ರಹಿಮಾಬಿ ವಿಜಾಪುರದ ಇಬ್ರಾಹಿಂಪುರದಲ್ಲಿದ್ದಳು, ಜೈನಾಪುರ ಕಡೆಯ ಗಟ್ಟಿ ಹೆಣ್ಣು. ದಾವಲಸಾಬ ವಾರವೆಲ್ಲ ಸಾಹುಕಾರರ ಹೊರಗಿನ ಖೋಲಿಯಲ್ಲಿದ್ದು ಶುಕ್ರವಾರ ಮನೆಗೆ ಹೋಗುತ್ತಿದ್ದ. ಹೋದಾಗಲೆಲ್ಲ ಅವಳದು ಒಂದೇ ಮಾತು: “ಸಾಹುಕಾರ್ರಿಗೆ ಹೇಳಿಬಿಡ್ರಿ.” ಇವನದೂ ಒಂದೇ ಮಾತು: “ನನ್ನ ಕಿವಿ ಗಟ್ಟಿ ಅದಾವ ಬೇ!” ಜಗಳ ಹರಿಯಲಿಲ್ಲ. ಗೋಳಗುಮ್ಮಟದ ಮೇಲೆ ಒಂದು ಬದಿ ಪಿಸುಗುಟ್ಟಿದರೆ ಇನ್ನೊಂದು ಬದಿ ಕೇಳುತ್ತದೆ, ಅಂಥದ್ದು ಊರಲ್ಲೇ ಇರುವಾಗ ಡಾಕ್ಟರು ಯಾಕೆ ಅಂದಳು ರಹಿಮಾಬಿ. ನಮಾಜು ಮುಗಿದ ಮೇಲೆ ಇಬ್ಬರೂ ಮೆಟ್ಟಿಲೇರಿದರು. ಮೊಣಕಾಲು ಹಿಡಿದುಕೊಂಡು ಅವಳು ದಾರಿಯುದ್ದಕ್ಕೂ ಬೈದಳು. ಅದೇನೂ ಇವನಿಗೆ ಕೇಳಲಿಲ್ಲ, ಪುಣ್ಯ.

ಆ ಬದಿ ಅವಳು ಗೋಡೆಯ ಹತ್ತಿರ ಬಾಯಿ ತಂದಳು. ಈ ಬದಿ ಅವನು ಗೋಡೆಗೆ ಕಿವಿ ಹಚ್ಚಿ, ಕಣ್ಣನ್ನು ಅವಳ ತುಟಿಯ ಮೇಲಿಟ್ಟ. ಅಷ್ಟು ದೂರಕ್ಕೆ ತುಟಿ ಅಲುಗಿದ್ದು ಮಾತ್ರ ಕಂಡಿತು. ಕಿವಿಯಲ್ಲಿ ಜೀರುಂಡೆ ಬಿಟ್ಟರೆ ಇನ್ನೇನಿಲ್ಲ. ಆದರೂ ಕೈಯೆತ್ತಿ, ಕೇಳಿತು ಅಂತ ಸನ್ನೆ ಮಾಡಿದ. ರಹಿಮಾಬಿ ಸುತ್ತಿ ಬಂದು ಎದುರಿಗೆ ನಿಂತಳು.

“ಏನ ಅಂದೆ, ಹೇಳ್ರಿ?”

“ದೇವರು ನೋಡ್ಕೋತಾನ ಅಂದಿ,” ಅಂತ ಊಹೆಯ ಮೇಲೆ ಅಂದ.

ಅವಳು ಅಲ್ಲೇ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾ ಏನೂ ಅನ್ಲಿಲ್ರಿ. ಬರೇ ತುಟಿ ಅಲುಗಿಸಿದೆ.”

ದಾವಲಸಾಬನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿಯ ಕೈಗೆ ಸಿಕ್ಕಿಬಿದ್ದದ್ದಾಯಿತು, ಸಾಹುಕಾರರ ಕೈಗೆ ಬಿದ್ದರೆ? ಆ ವಾರ ಅವನು ಸರಿಯಾಗಿ ಉಣ್ಣಲಿಲ್ಲ.

ಅದಾದ ಎರಡನೇ ವಾರದ ಗುರುವಾರ ಸಾಹುಕಾರರ ತಾಯಿ ರುದ್ರವ್ವ ಬಬಲೇಶ್ವರಕ್ಕೆ ಮಗಳ ಮನೆಗೆ ಹೊರಟಳು. ಎಪ್ಪತ್ತು ದಾಟಿದ ಮುದುಕಿ, ಬಹಳ ಮಾತಿಲ್ಲ. ಸೊಸೆಯಂದಿರು ಕರೆದರೆ ಓ ಅನ್ನುವುದಿಲ್ಲ, ಸೊಕ್ಕು ಅಂತ ಮನೆಯಲ್ಲಿ ಹೆಸರಾಗಿತ್ತು. ಬಬಲೇಶ್ವರದಲ್ಲಿ ಊಟ ಮುಗಿಸಿದ ಮೇಲೆ, “ವಿಜಾಪುರದ ಮ್ಯಾಲ ಹೋಗೋಣ, ನಿನ್ನ ಹೇಣ್ತಿಗೆ ಒಂದ ಚೀಲ ಜ್ವಾಳ ಕೊಡೂದೈತಿ,” ಅಂದಳು. ಊರು ದಾಟಿದ್ದೇ ತಡ, ಹಿಂದಿನಿಂದ ಅವಳ ಕೋಲು ಇವನ ಹೆಗಲಿಗೆ ತಾಗಿತು, ಇವನು ಕನ್ನಡಿಯಲ್ಲಿ ಅವಳ ತುಟಿ ನೋಡಿದ.

“ದಾವಲಾ, ರೇಡಿಯೋ ಹಚ್ಚು. ಒಬ್ಬನ ಇದ್ದಾಗ ಹೆಂಗ ತಿರುವಿಕೋತಿ, ಹಂಗ ತಿರುವು.”

ಇವನು ದಾರಿ ನೋಡುತ್ತಲೇ ಅಂದ, “ಹಂಗ ಏನೂ ಇಲ್ರಿ, ಅವ್ವಾರ.”

“ಸುಳ್ಳ ಹೇಳಬ್ಯಾಡ. ಕಿಡಕ್ಯಾಗ ಕುಂತು ದಿನಾ ನೋಡೇನಿ. ನೀ ತಿರುವಿದಾಗ ಅಷ್ಟ ನನಗ ಮಾತು ಮಾತಾಗಿ ಕೇಳತೈತಿ. ನನ್ನ ಮಗ ತಿರುವಿದ್ರ ಬರೇ ಗುಂಯ್ ಅಂತೈತಿ.”

ದಾವಲಸಾಬ ಮೆಲ್ಲಗೆ ಉಂಗುರ ತಿರುವಿ, ದನಿ ಏರಿಸಿದ. ಯಾರೋ ವಚನ ಹಾಡುತ್ತಿದ್ದರು. ಕನ್ನಡಿಯಲ್ಲಿ ನೋಡಿದರೆ ಮುದುಕಿಯ ಕಣ್ಣಲ್ಲಿ ನೀರು. “ಎಂಟ ವರ್ಷ ಆತೋ ಯಪ್ಪಾ, ಹಿಂಗ ಹತ್ತಿರ ಕುಂತು ಹಾಡ ಕೇಳಿ. ಸೊಸ್ತ್ಯಾರ ಮುಂದ ಕಿವುಡಿ ಅನ್ನಿಸ್ಕೋಳೂದಕಿಂತ ಸೊಕ್ಕಿನಾಕಿ ಅನ್ನಿಸ್ಕೋಳೂದ ಚಲೋ ಅಂತ ಸುಮ್ಮನಾಗೇನಿ.” ಅವಳು ಕೂಡ ಹಾಡಿದಳು, ಇವನೂ ತಲೆದೂಗಿದ. ಎಷ್ಟೋ ವರ್ಷದ ಮೇಲೆ ಇಬ್ಬರಿಗೂ ಜೀವ ಹಗುರಾಗಿತ್ತು, ಸುಳ್ಳು ಯಾಕೆ ಹೇಳಲಿ.

ಇಬ್ರಾಹಿಂಪುರದ ಹತ್ತಿರ ರೈಲು ಹಳಿ ದಾಟುವ ಬಂಡಿದಾರಿಯೊಂದಿತ್ತು. ಗೇಟಿಲ್ಲ, ಕಾವಲಿಲ್ಲ. ಜಾಲಿ ಕಂಟಿಗಳ ಮರೆಯಿಂದ ಕಾರು ಏರಿ ಹಳಿಗೆ ಬರುವಷ್ಟರಲ್ಲಿ ಕುರಿ ಕಾಯುವವನೊಬ್ಬ ಕಂಬಳಿ ಬೀಸುತ್ತ ಎದುರಿಗೇ ಓಡಿಬಂದ. ದಾವಲಸಾಬ ಎರಡೂ ಕಾಲಿನಿಂದ ಬ್ರೇಕು ತುಳಿದ. ಕಾರಿನ ಮೂತಿಗೆ ಎರಡು ಮೊಳದಾಚೆ ಕರೀ ಇಂಜಿನ್ನು ಹೊಗೆ ಕಾರುತ್ತ ನುಗ್ಗಿಹೋಯಿತು, ಹಿಂದೆ ಡಬ್ಬಿ ಮೇಲೆ ಡಬ್ಬಿ. ಗಾಡಿಯೆಲ್ಲ ಗಡಗಡ ನಡುಗಿತು.

“ಊರ ಎಚ್ಚರಾಗೂವಂಗ ಸೀಟಿ ಹೊಡಕೋತ ಬಂದೈತೆಲ್ಲೋ!” ಕಂಬಳಿ ಬೀಸಿದ ಅದೇ ಊರಿನ ಕುರುಬ ಅಮೋಘಿ ಕಿಡಕಿಯ ಹತ್ತಿರ ಬಂದು ಬಾಯಿಗೆ ಬಂದಂತೆ ಬೈದ. “ಕಿವಿ ಅದಾವೋ ಇಲ್ಲೋ ನಿನಗ? ಮುದುಕೀನ ಕುಂಡ್ರಿಸ್ಕೊಂಡು ಸಾಯಾಕ ಹೊಂಟೀಯೇನ?”

ರೈಲು ದೂರ ಹೋಯಿತು. ರೇಡಿಯೋದ ಹಾಡು ಮಾತ್ರ ಅಕ್ಷರ ಅಕ್ಷರವಾಗಿ ಕೇಳುತ್ತಲೇ ಇತ್ತು. ದಾವಲಸಾಬ ಅದನ್ನು ಆರಿಸಿದ.

“ನನಗೂ ಕೇಳಲಿಲ್ಲೋ,” ಅಂದಳು ರುದ್ರವ್ವ ಸಣ್ಣಗೆ. ಅವನು ಕನ್ನಡಿಯಲ್ಲಿ ಅವಳ ತುಟಿ ನೋಡಿ ತಿಳಿದುಕೊಂಡ. “ನಾ ಯಾರ ಮುಂದೂ ಹೇಳೂದಿಲ್ಲ. ನೀನೂ ಹೇಳಬ್ಯಾಡ. ನಿನ್ನ ಮಗಳ ಮದುವಿ ಐತಿ.”

“ಹ್ಞೂಂ ರಿ,” ಅಂದ. ಜೋಳದ ಚೀಲ ಮನೆಗೆ ಹಾಕಿದ. ರಹಿಮಾಬಿಯ ಮುಖ ನೋಡುವ ಧೈರ್ಯವಾಗಲಿಲ್ಲ. ತಿಕೋಟಾದ ದಾರಿಯುದ್ದಕ್ಕೂ ಚಕ್ಕಡಿಯ ನಡಿಗೆಯಲ್ಲಿ ಗಾಡಿ ಹೊಡೆದ. ಇವತ್ತು ಮುದುಕಿ, ನಾಳೆ ಸಾಹುಕಾರರ ಮಕ್ಕಳು ಕೂತಿದ್ದರೆ? ಅಮೋಘಿ ಇಲ್ಲದಿದ್ದರೆ?

ಅಂಗಳಕ್ಕೆ ಬಂದು ಇನ್ನೂ ಬಾಗಿಲು ತೆಗೆದಿರಲಿಲ್ಲ, ಸಾಹುಕಾರರು ಮುಂದಿನ ಸೀಟಿಗೆ ಏರಿ ಕೂತೇಬಿಟ್ಟರು. “ಹಚ್ಚೋ, ಸುದ್ದಿ ಹೊತ್ತಾತು.”

ಬೊಟ್ಟಿಗೆ ಬೊಟ್ಟು ಕೂಡಿಸಲು ಹೋದ ದಾವಲಸಾಬನ ಕೈ ಅಲ್ಲೇ ನಿಂತಿತು. ಇದ್ದಂತೆಯೇ ಹಚ್ಚಿದ. ಚೀರು ದನಿ ಹೊರಟಿತು.

“ಏ ಹುಚ್ಚಾ! ಮತ್ತ ಯಾಂವ ತಿರುವ್ಯಾನ ಇದನ್ನ?”

“ನಾನ ರಿ. ಹಿಂಗಿದ್ರ ಅಷ್ಟ ನನಗ ಕೇಳತೈತ್ರಿ, ಸಾಹುಕಾರ್ರ. ನನ್ನ ಕಿವಿ ಹೋಗ್ಯಾವ. ಇವತ್ತ ರೈಲಿನ ಸೀಟಿ ಕೇಳಲಿಲ್ರಿ. ಅವ್ವಾರನ್ನ ಕೊಂದ ಬಿಡತಿದ್ದೆ.” ಹಣೆಯನ್ನು ಸ್ಟಿಯರಿಂಗಿಗೆ ಒತ್ತಿಕೊಂಡು ಅತ್ತುಬಿಟ್ಟ.

ಶಿವಶರಣಪ್ಪನವರು ಅವನ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ಉಂಗುರವನ್ನು ಒಂದಿಷ್ಟು ದಪ್ಪಕ್ಕೆ ತಿರುವಿದರು. “ಈಗ?”

“ಕೇಳತೈತ್ರಿ.”

ಇನ್ನೊಂದಿಷ್ಟು. “ಈಗ?”

“ಅರ್ಧಾಮರ್ಧಾ ರಿ.”

ಉಂಗುರ ಸುಣ್ಣದ ಬೊಟ್ಟಿಗೆ ಬಂದು ಕೂತಿತು. ಸಾಹುಕಾರರು “ಈಗ?” ಅನ್ನುವ ಮುಂಚೆಯೇ ದಾವಲಸಾಬ “ಹೋತ್ರಿ” ಅಂದ. ಅದೇ ಗಳಿಗೆಗೆ ಹಿಂದಿನ ಸೀಟಿನಿಂದಲೂ ಒಂದು ದನಿ ಬಂತು, “ಹೋತು.”

ಸಾಹುಕಾರರು ತಿರುಗಿ ನೋಡಿದರು. ರುದ್ರವ್ವ ಕಣ್ಣು ಮುಚ್ಚಿ, ಮುಂದಿನ ಸೀಟಿಗೆ ಕಿವಿ ಹಚ್ಚಿಕೊಂಡು ಕೂತಿದ್ದಳು. “ಅವ್ವಾ,” ಅಂದರು. ಅವಳು ಓ ಅನ್ನಲಿಲ್ಲ. “ಎವ್ವಾ,” ಅಂದರು ಇನ್ನೊಮ್ಮೆ. ಇಲ್ಲ. ಎಂಟು ವರ್ಷ ಸೊಕ್ಕಿನ ಮುದುಕಿ ಅಂತ ಅವರೂ ಎಲ್ಲರ ಜೊತೆ ಅಂದಿದ್ದರು. ಅವರ ಮುಖ ಸಣ್ಣದಾಯಿತು. ಉಂಗುರವನ್ನು ತಾವೇ ತೆಳುವಿನ ಕೊನೆಗೆ ತಿರುವಿ ಬಿಟ್ಟರು.

“ಕೀಲಿ ಕೊಡು,” ಅಂತ ಕೈ ಚಾಚಿದರು.

ದಾವಲಸಾಬ ಕೀಲಿ ಕೊಟ್ಟು, ಕೈಮುಗಿದು, ಖೋಲಿಯಿಂದ ತನ್ನ ಗಂಟು ತಂದ. ವಿಜಾಪುರದ ಮೋಟಾರು ಬಸ್ಸು ಇನ್ನೂ ಸಿಕ್ಕೀತು. ರಹಿಮಾಬಿಗೆ ಏನು ಹೇಳುವುದು, ಬೀಗರಿಗೆ ಏನು ಹೇಳುವುದು ಅಂತ ತಲೆ ಗಿರಗಿರ ತಿರುಗುತ್ತಿತ್ತು. ಅಗಸಿ ಬಾಗಿಲು ದಾಟುವಾಗ ಹಿಂದಿನಿಂದ ಸಾಹುಕಾರರು ಏನೋ ಅಂದಂತಾಯಿತು. ದಪ್ಪ ದನಿಯ ಗುಂಯ್ ಅಷ್ಟೇ, ಮಾತಿಲ್ಲ. ಹ್ಞೂಂ ರಿ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ತಿರುಗಿ ನಿಂತ.

“ಕೇಳಲಿಲ್ರಿ, ಸಾಹುಕಾರ್ರ. ಇನ್ನೊಮ್ಮೆ ಹೇಳ್ರಿ.”

ಅವರು ಅಂಗಳ ದಾಟಿ ಹತ್ತಿರ ಬಂದು, ಕಿವಿಯ ಬುಡಕ್ಕೇ ಬಾಯಿ ಇಟ್ಟು ಕೂಗಿದರು: “ಶನಿವಾರ ಮುಂಜಾನೆ ಬಾ ಅಂದೆ! ಗಾಡಿ ಬ್ಯಾರೆದಾಂವ ಹೊಡೀತಾನ. ನಮ್ಮವ್ವಗ ರೇಡಿಯೋ ಹಚ್ಚಿಕೊಡಾಕ ನಿನ್ನ ಬಿಟ್ಟರ ಯಾರದಾರೋ?”

ಈ ಸಲ ದಾವಲಸಾಬನಿಗೆ ಪೂರ್ತಿ ಕೇಳಿತು. ಆದರೂ ಇನ್ನೊಮ್ಮೆ ಹೇಳಿಸಿಕೊಂಡ.