ತಮ್ಮನ ಬದಲು ನಾನು ಕೊಟ್ಟ ಉತ್ತರ

1998ರ ಮಾತು. ದಾವಣಗೆರೆಯಲ್ಲಿ ನನ್ನದು ಸ್ಟೀಲ್ ಪಾತ್ರೆ ಅಂಗಡಿ. ತಲೆ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಮೇಲೆ ಬಂದವನು ನಾನು. ಯಾವ ಸಾಮಾನಿಗೂ ಹೇಳಿದ ಬೆಲೆ ಕೊಟ್ಟು ಗೊತ್ತಿಲ್ಲ. ತಮ್ಮ ಬಸವರಾಜ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಹೆಂಡತಿ ಗಿರಿಜಾಳ ಜೊತೆ ಅಲ್ಲೇ ವಾಸವಾಗಿದ್ದ.

ಹಿಂದಿನ ವರ್ಷ ಅವನಿಗೆ ಕೆಮ್ಮು ಹತ್ತಿತ್ತು. ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ನಮ್ಮ ಡಾಕ್ಟರು ಒಂದು ಸಿರಪ್ ಬರೆದುಕೊಟ್ಟರು. ಅಪ್ಪನ ಕಾಲದಿಂದ ನಮ್ಮ ಮನೆಗೆ ಅವರೇ ಡಾಕ್ಟರು. ನಮ್ಮಲ್ಲಿ ಮದುವೆಯಾದರೆ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದರು. ಕೆಮ್ಮು ಹೋಯಿತು, ಸಿರಪ್ ಹೋಗಲಿಲ್ಲ. "ಅಣ್ಣ, ಹರಿಹರದಾಗೆ ಸ್ಟಾಕ್ ಇಲ್ಲಂತೆ, ನೀನೇ ತಂದುಕೊಡು" ಎನ್ನುತ್ತಿದ್ದ. ಒಂದೊಂದೇ ಬಾಟಲಿ ಯಾಕೆಂದು ನಾನು ಪರಿಚಯದ ಹೋಲ್‌ಸೇಲ್ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ, ಚೌಕಾಸಿ ಮಾಡಿ, ಬಾಕ್ಸುಗಟ್ಟಲೆ ತಂದೆ. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದೆ ಕೂಡ. ಹರಿಹರದಲ್ಲಿ ಸ್ಟಾಕ್ ಇತ್ತು, ಇವನಿಗೆ ಕೊಡುವುದನ್ನು ಅಂಗಡಿಯವರು ನಿಲ್ಲಿಸಿದ್ದರು ಎಂದು ತಿಳಿದದ್ದು ಆಮೇಲೆ.

ಒಂದು ದಿನ ಗಿರಿಜಾ ಫೋನ್ ಮಾಡಿದಳು. "ಭಾವ, ಇವ್ರು ಕೂತಲ್ಲೇ ತೂಕಡಿಸ್ತಾರೆ. ಕೆಲಸದಾಗೆ ಎರಡು ಸಲ ನೋಟಿಸ್ ಕೊಟ್ಟಾರೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ರಿ."

ಕರೆದುಕೊಂಡು ಹೋದೆ. ನಮ್ಮ ಡಾಕ್ಟರು ಮಗಳ ಊರಿಗೆ ಹೋಗಿದ್ದರು. ಅವರ ಕುರ್ಚಿಯಲ್ಲಿ ಹೊಸದಾಗಿ ಓದಿ ಬಂದ ಒಬ್ಬ ಲೇಡಿ ಡಾಕ್ಟರು. ತಮ್ಮನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಹಳೇ ಚೀಟಿ ತಿರುವಿದರು. ಆಮೇಲೆ ಮೆಲ್ಲಗೆ, "ಈ ಸಿರಪ್ ದಿನಕ್ಕೆ ಎಷ್ಟು ಬಾಟ್ಲಿ ಕುಡೀತೀರಿ? ಬಿಟ್ಟರೆ ಮೈಕೈ ನೋವು, ನಡುಕ ಬರುತ್ತಾ?" ಎಂದು ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. "ಏನಮ್ಮಾ, ನಮ್ದು ಎಂಥಾ ಮನೆತನ ಗೊತ್ತಾ? ಇವನು ಎಲೆ-ಅಡಿಕೆ ಸೈತ ಬಾಯಿಗೆ ಹಾಕಂಗಿಲ್ಲ. ಕುಡುಕರಿಗೆ ಕೇಳೋದನ್ನ ಇವನಿಗೆ ಕೇಳ್ತೀಯಲ್ಲ!"

ಆಕೆ ದನಿ ಏರಿಸಲಿಲ್ಲ. "ಅಣ್ಣಾರೆ, ನಾನು ಕೇಳಿದ್ದು ಅವರನ್ನ. ಹೇಳೋಕೆ ಬಾಯಿ ತೆಗೆದಿದ್ರು, ನೀವು ನಡುವೆ ಬಂದ್ರಿ."

ತಮ್ಮನ ಕಡೆ ತಿರುಗಿದೆ. ನೆಲ ನೋಡುತ್ತಿದ್ದ. "ಏನೋ, ಹಂಗೇನಾದ್ರೂ ಐತೇನೋ?" ಎಂದು ಗದರಿದೆ.

"ಇಲ್ಲಣ್ಣ" ಎಂದ.

ರಟ್ಟೆ ಹಿಡಿದು ಹೊರಗೆ ಕರೆತಂದೆ. ನಮ್ಮ ಡಾಕ್ಟರು ಊರಿಂದ ಬಂದ ಮೇಲೆ ತಮ್ಮನನ್ನು ಮತ್ತೆ ಕರೆದೊಯ್ದು, ದೂರು ಬೇರೆ ಹೇಳಿದೆ. "ಬಿಡ್ರಿ ಶಂಕ್ರಪ್ಪ, ಪುಸ್ತಕದಾಗೆ ಇದ್ದಿದ್ದು ಕೇಳ್ಯಾಳೆ. ನಿಮ್ಮಂಥ ಮನೇರಿಗೆ ಅದನ್ನೆಲ್ಲ ಕೇಳೋಕಾಗುತ್ತಾ?" ಎಂದು ನಕ್ಕು, ತಮ್ಮನನ್ನು ಒಮ್ಮೆ ನೋಡಿ, ಶಕ್ತಿಗೆಂದು ಟಾನಿಕ್ ಬರೆದರು. ನನಗೆ ಸಮಾಧಾನವಾಯಿತು.

ಎರಡು ತಿಂಗಳು ಕಳೆದಿರಬೇಕು. ಮಲೆಬೆನ್ನೂರಿನಿಂದ ಹರಿಹರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದ ತಮ್ಮ, ಹಾಡಹಗಲಲ್ಲಿ, ರಸ್ತೆ ಬದಿ ನಿಂತಿದ್ದ ಟ್ರ್ಯಾಕ್ಟರಿಗೆ ಹೋಗಿ ಗುದ್ದಿದ. ನೋಡಿದವರು, ತೂಕಡಿಸುತ್ತಲೇ ಬಂದ ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಮೂರನೇ ದಿನ ನಮ್ಮ ಡಾಕ್ಟರು ಹರಿಹರದ ಮನೆಗೆ ಬಂದರು. ಗಿರಿಜಾ ಮಂಚದ ಕೆಳಗಿಂದ ರಟ್ಟಿನ ಬಾಕ್ಸುಗಳನ್ನು ಎಳೆದು ನಮ್ಮ ಮುಂದಿಟ್ಟಳು. ಎಲ್ಲ ನಾನು ತಂದುಕೊಟ್ಟವು. ಒಳಗೆ ಬರೀ ಖಾಲಿ ಬಾಟಲಿ. ಡಾಕ್ಟರು ಒಂದು ಬಾಟಲಿ ಎತ್ತಿ ಲೇಬಲ್ ಓದಿ ಕೆಳಗಿಟ್ಟರು.

"ಈ ಸಿರಪ್ಪಿನಾಗೆ ಅಮಲಿನ ಔಷಧಿ ಐತೆ, ಜಾಸ್ತಿ ಕುಡಿದ್ರೆ ಚಟ ಹತ್ತುತ್ತೆ. ಅವನ ಕಣ್ಣು ನೋಡಿದಾಗಲೇ ನಂಗೂ ಅನುಮಾನ ಬಂದಿತ್ತು ಶಂಕ್ರಪ್ಪ. ಮಗು ಇದ್ದಾಗಿಂದ ನೋಡಿದ್ದೆ, ನಿಮ್ಮನೇಲಿ ಉಂಡಿದ್ದೆ. ಹೆಂಗೆ ಕೇಳೋದು ಅಂತ ಸುಮ್ಮನಾದೆ."

ಅವರನ್ನು ಬಯ್ಯಲು ನನಗೆ ಯಾವ ಮುಖವಿತ್ತು? ಕೇಳಿದ ಒಬ್ಬರ ಬಾಯಿಯನ್ನು ನಾನೇ ಮುಚ್ಚಿಸಿದ್ದೆ. ತಪ್ಪಾಯಿತೆನ್ನಲು ಆಮೇಲೆ ಆ ಲೇಡಿ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಅವರು ಊರು ಬಿಟ್ಟಿದ್ದರು.

ಕೇಳಲಿ ಬಿಡಲಿ, ಎಲ್ಲರಿಗೂ ಒಂದು ಮಾತು ಹೇಳುತ್ತೇನೆ. ನಿಮ್ಮವರಿಗೆ ಡಾಕ್ಟರು ನಾಚಿಕೆಯಾಗುವಂಥ ಪ್ರಶ್ನೆ ಕೇಳಿದರೆ, ನೀವು ಎದ್ದು ಹೊರಗೆ ಹೋಗಿ ಕೂತುಕೊಳ್ಳಿ. ಅವರು ಕೇಳದಿದ್ದರೆ, ಕೇಳಿ ಎಂದು ನೀವೇ ಹೇಳಿ.

ಇವತ್ತಿಗೂ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವವನು ನಾನು. ಔಷಧಿ ಅಂಗಡಿಯಲ್ಲಿ ಮಾತ್ರ ಬಾಯಿ ಬರುವುದಿಲ್ಲ. ಆ ದಿನ ತಮ್ಮ ಹೇಳಲೆಂದು ಬಾಯಿ ತೆಗೆದಿದ್ದನಂತೆ. ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ನೋಡಲೇ ಇಲ್ಲ.