ಕೆಳಗಿನಕ್ಕನ ತಪಾಸಣೆ

ನಾನು ಲಿಫ್ಟ್ ಆಪರೇಟರು. ನನ್ನ ಲಿಫ್ಟು ಕೆಟ್ಟು ಕೂತು ಎರಡು ವರ್ಷ ದಾಟಿತು. ಅದರ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ನಾನೂ ಕೂತಿದ್ದೇನೆ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಕೆಟ್ಟದ್ದನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ, ಅದರ ಮುಂದೆ ಒಬ್ಬನನ್ನು ಕೂರಿಸುತ್ತಾರೆ. ನನ್ನ ಎದುರಿಗೆ, ಮೆಟ್ಟಿಲ ಅಡಿಯ ಸಂದಿಯಲ್ಲಿ, ಇನ್ನೊಬ್ಬರನ್ನು ಕೂರಿಸಿದ್ದರು. ಅವರನ್ನು ಕಚೇರಿಯೆಲ್ಲ ಕೆಳಗಿನಕ್ಕ ಅನ್ನುತ್ತಿತ್ತು.

ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗಾಲು ಸೊರಗಿದೆ. ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಕೋಲು ಹಿಡಿದು, ಸಮ ನೆಲದ ಮೇಲೆ ನಮ್ಮ ಸಾಹೇಬರಿಗಿಂತ ಚುರುಕಾಗಿ ನಡೆಯುತ್ತಾರೆ. ಪರೀಕ್ಷೆ ಪಾಸು ಮಾಡಿ ಲೆಕ್ಕಪತ್ರ ಗುಮಾಸ್ತೆಯಾದವರು. ಹಳೆಯ ಕಚೇರಿಯಲ್ಲಿ ಜನರ ತಪ್ಪು ಬಿಲ್ಲುಗಳನ್ನು ಸರಿಪಡಿಸಿಕೊಡುವ ಕೆಲಸ ಮಾಡುತ್ತಿದ್ದರು. ಇಲ್ಲಿಗೆ ವರ್ಗವಾಗಿ ಬಂದರೆ ಲೆಕ್ಕಪತ್ರ ವಿಭಾಗ ಮೂರನೇ ಮಹಡಿಯಲ್ಲಿ, ಲಿಫ್ಟು ಸತ್ತಿದೆ. "ಸದ್ಯಕ್ಕೆ ಕೆಳಗೇ ಕೂತ್ಕೊಳ್ಳಮ್ಮ" ಅಂದರು ಸಾಹೇಬರು. ಎರಡು ಬೀರು ಫೈಲು ಕೆಳಗೆ ತರಿಸಿಕೊಟ್ಟರೆ ಇಲ್ಲೇ ಕೆಲಸ ಮಾಡುತ್ತೇನೆಂದು ಅಕ್ಕ ಬೇಡಿಕೊಂಡರು. ಫೈಲು ಕೆಳಗೆ ಬಂದರೆ ಕಳೆದುಹೋಗುತ್ತದಂತೆ. ಮನುಷ್ಯರು ಕಳೆದುಹೋದರೆ ಪರವಾಗಿಲ್ಲ.

ಹೀಗೆ ಅಕ್ಕ ಬೆಳಗ್ಗೆ ಬಂದು ಸಹಿ ಹಾಕಿ ಕೂರುತ್ತಿದ್ದರು, ಸಂಜೆ ಎದ್ದು ಹೋಗುತ್ತಿದ್ದರು. ನಡುವೆ ನೀರು ಕುಡಿಯುತ್ತಿರಲಿಲ್ಲ. ಕೆಳಗಿನ ಶೌಚಾಲಯದಲ್ಲಿ ಪೊರಕೆ, ಒಡೆದ ಕುರ್ಚಿ, ಹಳೇ ಕಂಪ್ಯೂಟರು ತುಂಬಿ ಬೀಗ ಜಡಿದಿದ್ದರು. ನೀರು ಕುಡಿದರೆ ಹೋಗುವುದೆಲ್ಲಿಗೆ? ಊರಿಗೆಲ್ಲ ನೀರು ಕೊಡುವ ಕಚೇರಿ ಇದು, ಥೂ.

"ನಮ್ಮತ್ತೆ ಹೇಳ್ತಾರೆ, ಕೂತ್ಕೊಂಡು ಸಂಬಳ ತಗೊಳ್ಳೋ ಪುಣ್ಯ ಯಾರಿಗುಂಟು ಅಂತ" ಎಂದರು ಅಕ್ಕ ಒಂದು ದಿನ. "ಸಂಜೆ ಮನೆಗೆ ಹೋಗಿ ಸುಸ್ತಾಯ್ತು ಅನ್ನೋಕೂ ನಂಗೆ ಬಾಯಿಲ್ಲ ತಮ್ಮಾ. ಏನ್ ಮಾಡಿ ಸುಸ್ತಾಯ್ತು ಅನ್ಲಿ? ಆ ಮೇಲಿನ ಟೇಬಲ್ ಒಂದು ಸಿಕ್ಕಿದ್ರೆ ಸಾಕು."

ಅಷ್ಟರಲ್ಲಿ ತಪಾಸಣೆ ಬರುತ್ತದೆಂದು ಸುದ್ದಿಯಾಯಿತು. ಅಂಗವಿಕಲರಿಗೆ ಮೀಸಲಿಟ್ಟ ಹುದ್ದೆಗಳನ್ನು ತುಂಬಿದ್ದಾರೋ, ಅವರಿಗೆ ಕೆಲಸ ಮಾಡಲು ಅನುಕೂಲ ಇದೆಯೋ ಎಂದು ನೋಡಲು ಅಪರೂಪಕ್ಕೊಮ್ಮೆ ಮೇಲಿನಿಂದ ಬರುತ್ತಾರೆ. ಈಗ ಅಂಗವಿಕಲರು ಅನ್ನಬಾರದು, ವಿಶೇಷಚೇತನರು ಅನ್ನಬೇಕೆಂದು ಸಾಹೇಬರು ನಮ್ಮನ್ನೆಲ್ಲ ಸೇರಿಸಿ ಪಾಠ ಹೇಳಿದರು. ಹೆಸರು ಬದಲಾಯಿಸುವುದಕ್ಕೆ ಮೆಟ್ಟಿಲು ಹತ್ತಬೇಕಿಲ್ಲ ನೋಡಿ.

ಎರಡು ದಿನದಲ್ಲಿ ಕಚೇರಿಯ ಮುಖವೇ ಬದಲಾಯಿತು. ಶೌಚಾಲಯದ ಬೀಗ ತೆಗೆದು ಸುಣ್ಣ ಹೊಡೆದರು, ಬಾಗಿಲಿಗೆ ಗಾಲಿಕುರ್ಚಿಯ ಚಿತ್ರ ಅಂಟಿಸಿದರು. ಒಳಗಿನ ನಲ್ಲಿ ಮಾತ್ರ ತಿರುಗಲಿಲ್ಲ. ಹೊರಬಾಗಿಲಿಗೆ ಪ್ಲೈವುಡ್ ಹಲಗೆಯ ಇಳಿಜಾರು ಬಂತು. ಉಗ್ರಾಣದಿಂದ ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಒಂದು ಗಾಲಿಕುರ್ಚಿ ಇಳಿಯಿತು. ಮೇಲೆ ಥಳಕು, ಒಳಗೆ ಹುಳುಕು.

"ಇದ್ರಲ್ಲಿ ಕೂತ್ಕೊಳ್ಳಿ" ಅಂದರು ಸಾಹೇಬರು.

"ನಾನು ಗಾಲಿಕುರ್ಚಿ ಬಳಸಲ್ಲ ಸಾರ್, ನಡೀತೀನಿ."

"ಗೊತ್ತಮ್ಮ. ಆದ್ರೆ ಕೋಲು ಫೋಟೋದಲ್ಲಿ ಅಷ್ಟು ಎದ್ದು ಕಾಣಲ್ಲ."

ಅಕ್ಕ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಸಾಹೇಬರು ಅತ್ತ ಹೋದ ಮೇಲೆ ನನ್ನನ್ನು ಕರೆದು, "ನೋಡೋ ಕಣ್ಣಿರೋರು ಒಬ್ರು ಬರ್ತಿದ್ದಾರಲ್ಲ ತಮ್ಮಾ, ತೋರಿಸ್ತೀನಿ" ಅಂದರು.

ತಪಾಸಣೆಗೆ ಬಂದದ್ದು ಒಬ್ಬ ಮೇಡಂ. ಮೆತ್ತನೆಯ ದನಿ, ಮೆತ್ತನೆಯ ನಗು. ಅಕ್ಕನ ತಲೆ ಸವರಿ "ಊಟ ಆಯ್ತಾ ಪುಟ್ಟಾ?" ಅಂದರು. ಅಕ್ಕನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಆಮೇಲೆ ಸಾಹೇಬರ ಕಡೆ ತಿರುಗಿ "ಇವರಿಗೆ ಮಾತು ಕೇಳಿಸುತ್ತಾ?" ಎಂದು ಕೇಳಿದರು.

"ಕೇಳಿಸುತ್ತೆ ಮೇಡಂ" ಅಂದರು ಅಕ್ಕ. "ನನ್ನ ಕೆಲಸ ಮೂರನೇ ಮಹಡೀಲಿದೆ. ಲಿಫ್ಟ್ ಇಲ್ಲ, ಫೈಲು ಕೆಳಗೆ ಕೊಡಲ್ಲ. ಆ ಟೇಬಲ್ ತಲುಪೋಕೆ ನಾನು ಏನ್ ಮಾಡ್ಬೇಕು ಅಂತ ನೀವೇ ಒಂದ್ಸಲ ಕಣ್ಣಾರೆ ನೋಡಿ."

ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು. ಅಕ್ಕ ಗಾಲಿಕುರ್ಚಿಯಿಂದೆದ್ದು ಮೊದಲ ಮೆಟ್ಟಿಲ ಮೇಲೆ ಕೂತು, ಕ್ಯಾಲಿಪರ್ ಬಿಚ್ಚಿ, ಕೋಲಿನ ಜೊತೆ ನನ್ನ ಕೈಗೆ ಕೊಟ್ಟರು. ನಮ್ಮ ಮೆಟ್ಟಿಲು ಕಡಿದಾದದ್ದು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಎರಡೂ ಅಂಗೈ ಹಿಂದಿನ ಮೆಟ್ಟಿಲಿಗೆ ಊರಿ ಮೈಯನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾರೆ, ಕಾಲನ್ನು ಕೈಯಿಂದ ಎಳೆದು ಪಕ್ಕಕ್ಕಿಟ್ಟುಕೊಳ್ಳುತ್ತಾರೆ, ಮತ್ತೆ ಅಂಗೈ ಊರುತ್ತಾರೆ. ತಿರುವಿನ ಮೂಲೆಯಲ್ಲಿ ನಮ್ಮವರು ಉಗಿದ ಉಗುಳಿತ್ತು. ಅಲ್ಲೂ ಕೈ ಊರಲೇಬೇಕಾಯಿತು. ಎಲ್ಲ ವಿಭಾಗಗಳಿಂದ ಜನ ಹೊರಬಂದು ವರಾಂಡದ ಕಟಾಂಜನದ ಬಳಿ ನಿಂತರು, ಕೆಲವರು ಫೋನು ಎತ್ತಿ ಹಿಡಿದರು. ನಾನು ಕ್ಯಾಲಿಪರ್ ಹಿಡಿದು ಹಿಂದೆ ಹಿಂದೆ ಹತ್ತಿದೆ, ನನ್ನ ಹಿಂದೆ ಮೇಡಮ್ಮು, ಸಾಹೇಬರು. ಎತ್ತಿಕೊಳ್ಳಲು ಬಗ್ಗಿದಾಗ "ಬಿಡು, ಅವರು ನೋಡ್ಲಿ" ಅಂದರು.

ಮೂರನೇ ಮಹಡಿ ಮುಟ್ಟಿದಾಗ ಅಕ್ಕನ ಬಟ್ಟೆಯೆಲ್ಲ ಧೂಳು, ಮುಖ ಬೆವರು. ಕಾಲು ಚಾಚಿ ಕೂತು, ಏದುಸಿರು ಬಿಡುತ್ತ ಮೇಡಮ್ಮನ ಮುಖ ನೋಡಿದರು.

ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡು ಚಪ್ಪಾಳೆ ತಟ್ಟಿದರು. "ಎಂಥಾ ಛಲ! ಎಲ್ಲಾ ಇದ್ದೂ ಗೊಣಗೋ ನಮಗೆಲ್ಲ ಇವರೊಂದು ಪಾಠ" ಅಂದರು. ಇಡೀ ಕಚೇರಿ ಚಪ್ಪಾಳೆ ತಟ್ಟಿತು, ಎಲ್ಲರಿಗಿಂತ ಜೋರಾಗಿ ನಮ್ಮ ಸಾಹೇಬರು. ಅಕ್ಕ ಅಂಗೈಯನ್ನು ಗೋಡೆಗೆ ಒರೆಸಿಕೊಂಡರು. ನನ್ನ ಜೀವಮಾನದಲ್ಲಿ ಆ ಚಪ್ಪಾಳೆಯಷ್ಟು ಅಸಹ್ಯದ ಸದ್ದನ್ನು ನಾನು ಕೇಳಿಲ್ಲ.

ಸಂಜೆಯೊಳಗೆ ಶೌಚಾಲಯಕ್ಕೆ ಪೊರಕೆಗಳು ವಾಪಸು ಬಂದವು, ಬೀಗವೂ ಬಿತ್ತು. ಮುಂದಿನ ತಿಂಗಳು ತಪಾಸಣೆಯ ವರದಿ ಬಂದಾಗ ಸಾಹೇಬರು ಅಕ್ಕನನ್ನು ಕರೆಸಲಿಲ್ಲ, ಪಾಪ, ತಾವೇ ಇಳಿದು ಬಂದರು. ಸಿಬ್ಬಂದಿ ಮೆಟ್ಟಿಲು ಹತ್ತಬಲ್ಲರು, ಲಿಫ್ಟಿನ ದುರಸ್ತಿ ತುರ್ತಲ್ಲ ಎಂದು ಬರೆದಿತ್ತು. ಅಂಗವೈಕಲ್ಯದ ಪ್ರಮಾಣಪತ್ರವನ್ನು ಇನ್ನೊಮ್ಮೆ ಪರಿಶೀಲಿಸಬಹುದು ಎಂದೂ ಇತ್ತು. ಗಾಯದ ಮೇಲೆ ಬರೆ.

"ನೀವು ಕೇಳಿದ್ದೇ ಆಯ್ತಲ್ಲಮ್ಮ" ಅಂದರು ಸಾಹೇಬರು. "ನಾಳೆಯಿಂದ ಮೇಲಿನ ಟೇಬಲ್ ನಿಮ್ಮದೇ. ಹತ್ತು ಗಂಟೆಗೆ ಸೀಟಲ್ಲಿರಬೇಕು."

ಮಾರನೆಯ ದಿನ ಅಕ್ಕ ಒಂಬತ್ತಕ್ಕೇ ಬಂದರು. ಎರಡೂ ಕೈಗೆ ಹಳೇ ಬಟ್ಟೆ ಸುತ್ತಿಕೊಂಡಿದ್ದರು. ಬೇಡ ಅಕ್ಕ, ದೂರು ಬರೆಯೋಣ ಅಂದೆ. "ಬರೆಯೋಣ. ಬರೆಯೋಕೆ ಟೇಬಲ್ ಬೇಕಲ್ಲ, ಅದು ಮೇಲಿದೆ" ಎಂದು ಹೇಳಿ ಕ್ಯಾಲಿಪರ್ ಬಿಚ್ಚಿ ಕೊಟ್ಟರು. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಕಚೇರಿಯ ಜನ ನುಗ್ಗಿ ಬಂದರು. ಅಕ್ಕನ ಭುಜ ಸವರಿಕೊಂಡು, ಕಾಲು ದಾಟಿಕೊಂಡು ಹತ್ತಿದರು. ಅಂದು ಫೋನು ಎತ್ತಿ ಹಿಡಿದಿದ್ದ ಗುಮಾಸ್ತನೊಬ್ಬ ಹಿಂದೆ ಸಿಕ್ಕಿಕೊಂಡು ಚಡಪಡಿಸಿದ.

"ಸ್ವಲ್ಪ ಪಕ್ಕಕ್ಕೆ ಸರೀರಿ ಅಕ್ಕ, ಲೇಟಾಯ್ತು."

"ನಂಗೂ ಲೇಟಾಗಿದೆ" ಎಂದು ಅಕ್ಕ ಮೆಟ್ಟಿಲ ನಡುವೆಯೇ ಅಂಗೈ ಊರಿದರು.