ಬದುವಿನ ಮೇಲಿನ ಜಾಲಿ

ದೊಡ್ಡವ್ವನ ಎಡ ಹಿಮ್ಮಡಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯೊಂದಿತ್ತು. ಜಾಲಿಮುಳ್ಳಿನ ತುದಿ, ಮುರಿದು ಒಳಗೇ ಉಳಿದದ್ದು. ಅವಳು ಅದನ್ನು ತೆಗೆಸಿಕೊಳ್ಳಲಿಲ್ಲ. "ಇರ್ಲಿ ಬಿಡು, ನೆನಪಿಗೆ ಬೇಕಾಗ್ತೈತಿ" ಎನ್ನುತ್ತಿದ್ದಳು.

ಅವ್ವ ತೀರಿಕೊಂಡ ಮೇಲೆ ಕಂಪ್ಲಿಯಲ್ಲಿ ನನ್ನನ್ನು ಸಾಕಿ ಓದಿಸಿದವಳು ಅವ್ವನ ಅಕ್ಕ, ಈ ದೊಡ್ಡವ್ವ. ಕಾಲುವೆಯ ಬಸಿನೀರು ಕುಡಿದು ಬೆಳೆದ ತೋಟ ಅವಳ ಮನೆಯ ಹಿಂದಿತ್ತು: ಲಿಂಬೆ, ನುಗ್ಗೆ, ಅವಳ ಜೀವದಂತಿದ್ದ ಮಲ್ಲಿಗೆ. ಪಕ್ಕದ ರೈಸ್‌ಮಿಲ್ಲಿನ ಸಾಹುಕಾರನಿಗೆ ಭತ್ತ ಒಣಗಿಸುವ ಕಣ ದೊಡ್ಡದು ಮಾಡಲು ಆ ಜಾಗ ಬೇಕಿತ್ತು. ದೊಡ್ಡವ್ವ ಕೊಡಲಿಲ್ಲ. ಅವನು ಜಗಳಕ್ಕೂ ಬರಲಿಲ್ಲ. ಜಾಲಿಕಾಯಿ ತಿಂದು ಬಂದ ತನ್ನ ಆಡುಗಳನ್ನು ದಿನಾ ಸಂಜೆ ನಮ್ಮ ಬದುವಿನ ಮೇಲೆ ಕಟ್ಟಿಸಿದ. ಹಿಕ್ಕೆಯೊಂದಿಗೆ ಬಿದ್ದ ಬೀಜ ಮೊಳೆತು, ನೋಡನೋಡುತ್ತ ಜಾಲಿ ಆಳೆತ್ತರ ನಿಂತಿತು. ಮಲ್ಲಿಗೆ ಸೊರಗಿತು. ಕಡಿಸಿದಷ್ಟೂ ಜಾಲಿ ಬುಡದಿಂದ ದಟ್ಟವಾಗಿ ಚಿಗುರಿತು. ಹಾಗೆ ಕಡಿಸುವಾಗಲೇ ಮುಳ್ಳು ನೆಟ್ಟದ್ದು. ಕುಂಟುತ್ತಿದ್ದವಳನ್ನು ನೋಡಿ ಸಾಹುಕಾರ ಕಟ್ಟೆಯ ಮೇಲಿಂದಲೇ ನಕ್ಕ: "ಯಾಕ ತ್ರಾಸ ತಗೊಂತೀರಿ ಅಕ್ಕಾರ? ಕೊಟ್ಟು ಆರಾಮಿರ್ರಿ."

ದೊಡ್ಡವ್ವ ಅವನ ಮಿಲ್ಲಿಗೇ ಹೋಗಿ ಭತ್ತದ ಹೊಟ್ಟು ಕೇಳಿದಳು. ಅವನಿಗದು ಕಸ. "ಎಷ್ಟ ಬೇಕಾದ್ರೂ ಒಯ್ರಿ" ಎಂದ. ಅವಳು ಜಾಲಿಯನ್ನು ನೆಲಮಟ್ಟಕ್ಕೆ ಕಡಿಸಿ ಪ್ರತಿ ಬುಡಕ್ಕೂ ಹೊಟ್ಟು ರಾಶಿ ಹಾಕಿದಳು. ಆಮೇಲೆ ಕಾದಳು. ಸಾಹುಕಾರ ಕುದಿಸಿದ ಭತ್ತವನ್ನು ಕಣದಲ್ಲಿ ಹರವಿದ ದಿನ, ಸೆರಗು ಎತ್ತಿ ಹಿಡಿದು ಗಾಳಿ ಅವನ ಕಡೆಗೇ ಬೀಸುತ್ತಿರುವುದನ್ನು ನೋಡಿಕೊಂಡು, ಕೆಂಡ ಇಟ್ಟಳು. ಹೊಟ್ಟು ಧಗಧಗ ಉರಿಯುವುದಿಲ್ಲ. ಒಳಗೊಳಗೇ ಬೇಯುತ್ತ ಬೇರಿಗಿಳಿಯುತ್ತದೆ. ದಿನಗಟ್ಟಲೆ ಹೊಗೆ.

ಸಾಹುಕಾರ ಓಡಿಬಂದ. "ಏನ್ರಿ ಅಕ್ಕಾರ, ನನ್ನ ಭತ್ತಕ್ಕೆಲ್ಲ ಹೊಗಿ ವಾಸ್ನಿ ಹತ್ತೇತಿ."

"ನಿಮ್ಮ ಮಿಲ್ಲಿನ ಹೊಟ್ಟಿನ ಹೊಗಿ ಅದು," ಎಂದಳು ದೊಡ್ಡವ್ವ. "ಗುರ್ತ ಸಿಗಲಿಲ್ಲೇನ್ರಿ?"

ಅಂದಿನಿಂದ ಆಡುಗಳು ಬದುವಿಗೆ ಬರಲಿಲ್ಲ; ಬೇರು ಬೆಂದ ಜಾಲಿಯೂ ಚಿಗುರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳು ಮಲ್ಲಿಗೆ ಮುಡಿದು, ಬೇಕೆಂದೇ, ಮಿಲ್ಲಿನ ಮುಂದಿನ ದಾರಿಯಲ್ಲಿ ಕುಂಟುತ್ತ ಸಂತೆಗೆ ಹೋದಳು.

ನಾನು ಎಂ.ಎ. ಮುಗಿಸಿದ ವರ್ಷ ದೊಡ್ಡವ್ವ ಹೋದಳು. ಅವಳು ಹಾಸಿಗೆ ಹಿಡಿದಾಗಲೇ ಆಡುಗಳು ಮತ್ತೆ ಬದುವಿಗೆ ಬಂದಿದ್ದವು. ಅವಳ ದಿನಕರ್ಮ ಮುಗಿದ ಸಂಜೆ ಸಾಹುಕಾರ ಬಂದು ಕುಳಿತು ಚಹಾ ಕುಡಿದ. "ಭಾಳ ಗಟ್ಟಿ ಜೀವ," ಎಂದ. ಆಮೇಲೆ ಹಿತ್ತಲ ಕಡೆ ಕಣ್ಣು ಹಾಯಿಸಿದ. "ಜಾಲಿ ಮತ್ತ ಎದ್ದೈತಿ ನೋಡವ್ವ. ಓದಿದಾಕಿ ನೀನು, ನಿನಗ್ಯಾಕ ಆ ಮುಳ್ಳಿನ ಸಹವಾಸ?"

ನಾನು ಅವನ ಲೋಟ ತೆಗೆದುಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಮಿಲ್ಲಿನ ಬಾಗಿಲು ತೆಗೆಯುವ ಹೊತ್ತಿಗೆ, ದೊಡ್ಡವ್ವನ ಬುಟ್ಟಿ ಹಿಡಿದು ಅವನೆದುರು ನಿಂತು, ಹೊಟ್ಟು ಕೇಳಿದೆ.